ಕಣ್ಣು ಮುಚ್ಚದ ರಸಿಕ

ಇಚಲಕರಂಜಿಯಲ್ಲಿ ವರ್ಷಕ್ಕೊಮ್ಮೆ ಸಂಗೀತ ನಾಟಕದವರಿಗೆ ಬಹುಮಾನ ಕೊಡುವ ಸಮಾರಂಭಕ್ಕೆ ಅಧ್ಯಕ್ಷರು ಬೇಕಾದರೆ ತಪ್ಪಿಸಿಯಾರು, ಕೊರೋಚಿಯ ನೇಕಾರ ರಾಮಲಿಂಗ ಮಾತ್ರ ತಪ್ಪಿಸುವವನಲ್ಲ. ಇಸ್ತ್ರಿ ಮಾಡಿದ ಧೋತರ ಉಟ್ಟು, ಹೆಂಡತಿ ತಂಗೆವ್ವನ ಜೊತೆ ಎಲ್ಲರಿಗಿಂತ ಮೊದಲೇ ಬಂದು, ಮುಂದಿನ ಸಾಲಿನ ನಟ್ಟನಡುವೆ ಕೂಡುತ್ತಾನೆ. ಮೈಕು ಗಾಯಕಿಗೆ ಅಡ್ಡವಾದರೆ, "ಆ ಮೈಕ್ ಸರಸ್ರಿ, ಬಾಯಿ ಕಾಣವಲ್ದು!" ಎಂದು ಛಾವಣಿ ಹಾರುವಂತೆ ಕೂಗುತ್ತಾನೆ, ಪವರ್‌ಲೂಮಿನವರ ದನಿಯೇ ಅಷ್ಟು ಎಂದು ಜನ ನಗುತ್ತಾರೆ. ತಬಲಾದವನ ಬೆರಳಿಗೆ ಸರಿಯಾಗಿ ತೊಡೆಯ ಮೇಲೆ ತಾಳ ಹಾಕುತ್ತಾನೆ. ಬಹುಮಾನ ಯಾರಿಗೆಂದು ಅವನು ಮೊದಲೇ ಹೇಳಿದ್ದು ಒಮ್ಮೆಯೂ ಸುಳ್ಳಾಗಿಲ್ಲ; ಪರೀಕ್ಷಕರೇ ಅವನ ಮುಖ ನೋಡಿ ಅಂಕ ಹಾಕುತ್ತಾರೆಂದು ಊರಿನವರ ಗುಮಾನಿ. ಹಾಡಿಗೆ ಮೈಮರೆತು ಕಣ್ಣು ಮುಚ್ಚುವ ರಸಿಕರನ್ನು ಕಂಡರೆ ಮಾತ್ರ ಅವನಿಗೆ ಆಗದು. ಮೊಣಕೈಯಿಂದ ತಿವಿದು, "ಕಣ್ಣ ಮುಚ್ಚಿದ್ರ ಹಾಡು ಹೆಂಗ ತಿಳೀತೈತ್ರಿ?" ಎಂದು ಗದರುತ್ತಾನೆ. ಎಂಬತ್ಮೂರನೇ ಇಸವಿಯ ಸಮಾರಂಭದಲ್ಲಿ, ಬಹುಮಾನ ಪಡೆದ ಗಾಯಕಿ ಹಾಡುತ್ತಿರುವಾಗಲೇ ಕರೆಂಟು ಹೋಯಿತು. ಆಕೆ ನಿಲ್ಲಿಸಲಿಲ್ಲ, ಮೈಕಿಲ್ಲದ ಆ ದನಿಗೆ ಕತ್ತಲೆಯಲ್ಲಿ ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿತು. ರಾಮಲಿಂಗನೊಬ್ಬನೇ ಎದ್ದು ಹೆಂಡತಿಗೆ, "ಏಳ, ಹೋಗೂಣು. ಹಾಡು ನಿಲ್ಲಿಸ್ಯಾರ" ಎಂದ. ಮಗ್ಗದ ಸದ್ದಿಗೆ ಅವನ ಕಿವಿ ಪೂರ್ತಿ ಹೋಗಿ ಹತ್ತು ವರ್ಷವಾಗಿದ್ದು ತಂಗೆವ್ವನಿಗಷ್ಟೇ ಗೊತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಕೈಹಿಡಿದು ಕೂಡಿಸಿ, ಅವನ ಅಂಗೈ ಬಿಡಿಸಿ, ಹಾಡಿನ ತಾಳವನ್ನು ಅದರ ಮೇಲೆ ಮೆಲ್ಲಗೆ ತಟ್ಟತೊಡಗಿದಳು. ಆ ಕತ್ತಲೆಯಲ್ಲಿ ರಾಮಲಿಂಗ ಕಣ್ಣು ಮುಚ್ಚಿಕೊಂಡ.