ಟೇಪನ್ನು ಓದಿಸಿ ನೋಡಿದ ಭಾನುವಾರ

ಸಾಂತಾಕ್ರೂಜ್‌ನ ಆ ಹಳೇ ಬಿಲ್ಡಿಂಗಿನಲ್ಲಿ ಫ್ಯೂಸ್ ಹಾರಿದರೆ, ರಕ್ತಪರೀಕ್ಷೆಯ ಲ್ಯಾಬಿನವರೆಲ್ಲ ಶಾಮಲಾಳ ಮುಖ ನೋಡುತ್ತಿದ್ದರು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ದಹಿಸರಿಗೆ ಬಂದು, ಲೋಕಲ್ ರೈಲು ಹತ್ತಲು ಕಲಿತ ವರ್ಷವೇ ಕಂಪ್ಯೂಟರನ್ನೂ ಕಲಿತವಳು ಅವಳು. ಲ್ಯಾಬಿನ ಪ್ಯೂನ್, ಬಿಜಾಪುರದ ಅಮೀರಸಾಬ ಐದು ನಿಮಿಷದಲ್ಲಿ ಫ್ಯೂಸ್ ಕಟ್ಟುತ್ತಿದ್ದ. ಕಂಪ್ಯೂಟರ್ ಮಾತ್ರ ತನ್ನ ಡಿಸ್ಕಿನ ಮೂಲೆಮೂಲೆ ತಡಕಿ ಏಳಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ಅಲ್ಲಿಯವರೆಗೆ ಯಾರ ರಿಪೋರ್ಟೂ ಇಲ್ಲ.

೧೯೯೩ರಲ್ಲಿ ಅವಳ ಕೈಗೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಹೊಸ ಬಗೆಯ ವ್ಯವಸ್ಥೆ, ಫೈಲ್ ಸಿಸ್ಟಮ್, ಸಿಕ್ಕಿತು. ಏನನ್ನೇ ಬದಲಿಸುವ ಮೊದಲು ಅದು ‘ಹೀಗೆ ಮಾಡಲಿದ್ದೇನೆ’ ಎಂದು ಡಿಸ್ಕಿನ ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟು ಹೋಗಿ ಬಂದರೆ ಅಷ್ಟನ್ನು ಓದಿಕೊಂಡರೆ ಸಾಕು. ಆದರೆ ಬದಲಾಗಬೇಕಾದದ್ದು ರೂಟ್ ಪಾರ್ಟಿಶನ್, ಯಂತ್ರ ಎದ್ದು ನಿಲ್ಲುವ ನೆಲ. ಕೂತ ಚಾಪೆಯನ್ನು ಒಗೆಯಲಾಗುವುದಿಲ್ಲ. ಎಲ್ಲವನ್ನೂ ಕ್ಯಾಸೆಟ್ಟಿನಂಥ ಟೇಪಿಗೆ ಇಳಿಸಿ, ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕ್ ಅಳಿಸಿ, ಟೇಪಿನಿಂದ ಮರಳಿ ತುಂಬಬೇಕು. ರೋಗಿಗಳ ಮೂರು ವರ್ಷದ ದಾಖಲೆ ಇದ್ದದ್ದೂ ಅದೇ ಡಿಸ್ಕಿನಲ್ಲಿ. ಲ್ಯಾಬಿನ ಡಾಕ್ಟರು ಇದಕ್ಕೆ ಕೊಟ್ಟದ್ದು ನವೆಂಬರಿನ ಒಂದೇ ಭಾನುವಾರ.

ಎರಡು ವರ್ಷದ ಮಗಳನ್ನು, ಮೊಸರನ್ನದ ಡಬ್ಬಿಯನ್ನು, ಎರಡು ಜೊತೆ ಬಟ್ಟೆಯನ್ನು ಪಕ್ಕದ ಮನೆಯ ನೀಲಾಬಾಯಿಗೆ ಒಪ್ಪಿಸಿ ಬಂದಳು. ಹನ್ನೊಂದಕ್ಕೆ ಟೇಪು ಬರೆದು ಮುಗಿಯಿತು. ಫ್ಲಾಪಿಯಿಂದ ಯಂತ್ರ ಎದ್ದಿತು. ಇನ್ನು ಅಳಿಸಬೇಕು ಅನ್ನುವಾಗ ಚಹಾದ ಗ್ಲಾಸು ಹಿಡಿದು ಸ್ಟೂಲಿನ ಮೇಲೆ ಕೂತಿದ್ದ ಅಮೀರಸಾಬ ಕೇಳಿದ:

“ಬಾಯಾರ, ಆ ಟೇಪು ಒಮ್ಮೆ ಓದಿಸಿ ನೋಡೀರೇನು?”

“ಬರೆಯೋವಾಗ ಏನೂ ಗೊಣಗಲಿಲ್ಲ, ಅಮೀರಸಾಬರೇ.”

“ನನ್ನ ಮಗಾನೂ ಪರೀಕ್ಷೆ ಬರಿಯೋವಾಗ ಏನೂ ಗೊಣಗಲಿಲ್ಲ.”

ನಕ್ಕು, ಓದಿಸಿದಳು. ಅರ್ಧಕ್ಕೆ ನಿಂತಿತು. ಹಿಂದಿನ ವಾರದ್ದು ಹಾಕಿದಳು, ಅದೂ ನಿಂತಿತು. ಟೇಪು ಓದುವ ಡ್ರೈವಿನ ಮುಚ್ಚಳ ಬಿಚ್ಚಿ ಬ್ಯಾಟರಿ ಬೆಳಕು ಬಿಟ್ಟರೆ ಒಳಗೆಲ್ಲ ಕೆಂಪು ಪುಡಿ.

“ಆಯುಧಪೂಜೆದ್ದು,” ಅಂದ ಅಮೀರಸಾಬ. “ಹಚ್ಚಿದವರು ಯಾರಂತ ನಾ ಕೇಳಂಗಿಲ್ಲ.”

“ನಾನೇ. ಎಲ್ಲವನ್ನೂ ಕಾಪಾಡೋದು ಇದೇ ಅಲ್ವಾ ಅಂತ ಕುಂಕುಮ ಒಂದು ಚಿಟಿಕೆ ಜಾಸ್ತಿನೇ ಹಾಕಿದ್ದೆ.”

ಸೂಜಿ ಚುಚ್ಚುವ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ಟಿನಲ್ಲೇ ಹತ್ತಿ ಅದ್ದಿ ಒರೆಸಿದಳು. ಆರು ಉಂಡೆ ಹತ್ತಿ ಕೆಂಪಾಯಿತು, ಏಳನೆಯದು ಬೆಳ್ಳಗೇ ಉಳಿಯಿತು. ಹೊಸ ಟೇಪಿಗೆ ಮತ್ತೆ ಬರೆಸಿ, ಕೊನೆಯವರೆಗೆ ಎರಡು ಸಲ ಓದಿಸಿದಳು. ಆಮೇಲೆ ಅಳಿಸಿದಳು. ಡಿಸ್ಕ್ ಖಾಲಿಯಿದ್ದಷ್ಟು ಹೊತ್ತು ತನ್ನ ಊಟದ ಡಬ್ಬಿಯ ಚಪಾತಿ ಮುಟ್ಟಲಿಲ್ಲ.

ಐದೂವರೆಗೆ ಯಂತ್ರ ತನ್ನ ಹೊಸ ನೆಲದ ಮೇಲೆ ಎದ್ದಿತು.

“ಈಗ ಪ್ಲಗ್ ಕೀಳಿ,” ಅಂದಳು.

“ನಡದದ್ದನ್ನ?”

“ನಡೀತಿರೋವಾಗಲೇ. ಫ್ಯೂಸ್ ನಿಮ್ಮನ್ನ ಕೇಳಿ ಹಾರುತ್ತಾ?”

ಕಿತ್ತ. ಮತ್ತೆ ಚುಚ್ಚಿದ. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತ ನಿಂತರು. ಎರಡು ನಿಮಿಷಕ್ಕೆ ಪರದೆ ಅವಳ ಹೆಸರು ಕೇಳಿತು. ಶಾಮಲಾ ೧೯೯೦ರ ಮೊದಲ ರೋಗಿಯ ರಿಪೋರ್ಟು ತೆಗೆದು ನೋಡಿದಳು, ನಿನ್ನೆ ಸಂಜೆಯ ಕೊನೆಯದನ್ನೂ ನೋಡಿದಳು. ಎರಡೂ ಇದ್ದವು. ನಿಂತುಕೊಂಡೇ ಡಬ್ಬಿ ಬಿಚ್ಚಿ, ಒಂದು ಚಪಾತಿಯನ್ನು ಅಮೀರಸಾಬನ ಕೈಗಿಟ್ಟಳು.