ಬೊಗಳಲು ಕಾಡಿಗೆ ಹೋಗುತ್ತಿದ್ದ ನಾಯಿ

ಸಿಂಗಪುರದಲ್ಲಿ ನಾನು ರೂಮು ಹಿಡಿದ ಮನೆಯಲ್ಲಿ ಬೊಗಳದ ನಾಯಿಯೊಂದಿತ್ತು. ಅದಕ್ಕೆ ಕಾಯಿಲೆಯೇನೂ ಇರಲಿಲ್ಲ. ಮರಿಯಾಗಿದ್ದಾಗ ಬಾಯಿ ತೆರೆದಾಗಲೆಲ್ಲ ಯಜಮಾನರು ಮೂತಿಯ ಮೇಲೆ ಅಂಗೈ ಒತ್ತಿ ಅದಕ್ಕೆ ಸುಮ್ಮನಿರುವುದನ್ನು ಕಲಿಸಿದ್ದರು. ನಾನು ಮೊದಲ ದಿನ ಗಂಟೆ ಒತ್ತಿದಾಗ ಸದ್ದಿಲ್ಲದೆ ಬಂದು, ಕಾಲು ಮೂಸಿ, ಹೋಗಿ ಮಂಚದ ಕೆಳಗೆ ಸೇರಿಕೊಂಡಿತು. ನಮ್ಮೂರಿನಲ್ಲಿ ಬೊಗಳದ ನಾಯಿಗೆ ಯಾರೂ ಅನ್ನ ಹಾಕುವುದಿಲ್ಲ. ಚೋವಾ ಚು ಕಾಂಗ್ ಬಡಾವಣೆಯ ಈ ಒಂಬತ್ತನೇ ಮಹಡಿಯಲ್ಲಿ ಬೊಗಳಿದ್ದರೆ ಅದಕ್ಕೆ ಅನ್ನ ತಪ್ಪುತ್ತಿತ್ತು. ಸರ್ಕಾರ ಕಟ್ಟಿಸಿದ ಆ ಫ್ಲ್ಯಾಟುಗಳಲ್ಲಿ ಮಡಿಲಲ್ಲಿ ಕೂರುವಂಥ ಸಣ್ಣ ನಾಯಿಗಳಿಗೆ ಮಾತ್ರ ಅವಕಾಶ. ಇದು ಮೊಣಕಾಲೆತ್ತರದ ಬೀದಿನಾಯಿ, ಬಣ್ಣ ಹಳದಿ. ಹೆಸರು ಆ ವೊಂಗ್. ಯಜಮಾನರ ಚೀನೀ ಮಾತಿನಲ್ಲಿ ಹಾಗೆಂದರೆ ಹಳದಿಯ.

ಯಜಮಾನರು ಲಿಮ್ ಅಂಕಲ್. ಎಪ್ಪತ್ತು ದಾಟಿದ ಚೀನೀ ಮುದುಕರು, ಹೆಂಡತಿ ತೀರಿಹೋಗಿದ್ದರು. ತಂಜಾಂಗ್ ಪಗಾರಿನ ಬ್ಯಾಂಕುಗಳು ನಮ್ಮಂಥವರನ್ನು ಸಾಲುಸಾಲಾಗಿ ಕರೆಸಿಕೊಳ್ಳುತ್ತಿದ್ದ ವರ್ಷಗಳವು. ರೂಮು ಸಿಗುವುದೇ ಕಷ್ಟವಿತ್ತು. ಅವರಲ್ಲಿಗೆ ಬರುವ ಮೊದಲು ಸೆರಂಗೂನ್‌ನಲ್ಲಿ ನಮ್ಮವರದೇ ಮನೆಯೊಂದನ್ನು ನೋಡಿದ್ದೆ. ಆ ಆಂಟಿ ಒಳ್ಳೆಯ ಕಾಫಿ ಕೊಟ್ಟು, ನಗುತ್ತಲೇ, "ನಾನ್‌ವೆಜ್ ಎಲ್ಲಾ ಕುಕ್ ಮಾಡ್ತೀರಾಮ್ಮ? ಊರಲ್ಲಿ ನಿಮ್ದು ಯಾವ ಜನ?" ಎಂದು ಕೇಳಿದರು. ನಮ್ಮಪ್ಪ ಮಳವಳ್ಳಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರು. ನಮ್ಮ ಬೀದಿಗೇ ಮೊದಲ ಎಂಜಿನಿಯರ್ ನಾನು, ಹೆಮ್ಮೆಯನ್ನು ಮುಚ್ಚಿಡುವವಳಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಫೋನ್ ಮಾಡುತ್ತೇವೆ ಎಂದವರು ಮಾಡಲಿಲ್ಲ. ಲಿಮ್ ಅಂಕಲ್ ಕೇಳಿದ್ದು ಒಂದೇ ಪ್ರಶ್ನೆ: "ಡಾಗ್, ಯು ಸ್ಕೇರ್ಡ್ ಆರ್ ನಾಟ್?"

ಭಾನುವಾರ ನಸುಕಿನಲ್ಲಿ ನಾಯಿಯನ್ನು ಕಾಡಿಗೆ ಕರೆದೊಯ್ಯುತ್ತಿದ್ದೆವು, ಬೊಗಳಿಸಲು. ತರಕಾರಿ ತರುವ ಟ್ರಾಲಿಯಲ್ಲಿ ಅದನ್ನು ಕೂರಿಸಿ, ಮೇಲೆ ಟವೆಲ್ ಹೊದಿಸಿ, ಲಿಫ್ಟ್ ಇಳಿಸಿ, ವಾಯ್ಡ್ ಡೆಕ್ ದಾಟಿಸಬೇಕು. ವಾಯ್ಡ್ ಡೆಕ್ ಎಂದರೆ ಕಟ್ಟಡದ ಬುಡದಲ್ಲಿ ಗೋಡೆಯಿಲ್ಲದೆ ಬಿಟ್ಟ ಹಜಾರ. ಮದುವೆಯೂ ಅಲ್ಲೇ, ಹೆಣ ಇಡುವುದೂ ಅಲ್ಲೇ. ದೊಡ್ಡ ರಸ್ತೆಯಾಚೆ ಲಾಲಾಂಗ್ ಹುಲ್ಲಿನ ಬಯಲು. ಸೊಂಟದೆತ್ತರದ ಹುಲ್ಲು, ಅಂಚು ಬ್ಲೇಡಿನ ಹಾಗೆ. ಅದರಾಚೆಗೆ ಕಾಡು. ನೋಡಲು ಕಾಡು ಅಷ್ಟೇ. ರಂಬುಟಾನ್ ಹಣ್ಣಿನ ಮರಗಳು ನೆಟ್ಟ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಅಲ್ಲೊಂದು ಕಂಪುಂಗ್, ಅಂದರೆ ಹಳ್ಳಿ, ಇತ್ತು. ಲಿಮ್ ಅಂಕಲ್ ಹುಟ್ಟಿದ್ದು, ಹಂದಿ ಸಾಕಿದ್ದು ಅಲ್ಲೇ. ಸರ್ಕಾರ ಎಲ್ಲರನ್ನೂ ಎಬ್ಬಿಸಿ ಫ್ಲ್ಯಾಟು ಕೊಟ್ಟಿತು. ಉಳಿದದ್ದು ಎರಡು ಹೊಂಡ, ಹಂದಿ ಕೊಟ್ಟಿಗೆಯ ಒಂದು ಗೋಡೆ. ಮೊದಲ ಹೊಂಡ ಕಂಡ ಕೂಡಲೇ ಆ ವೊಂಗ್ ಶುರು ಮಾಡುತ್ತಿತ್ತು. ಉಡ ಕಂಡರೆ, ಬಾತುಕೋಳಿ ಕಂಡರೆ, ತನ್ನ ನೆರಳು ಕಂಡರೆ ಸಹ. ವಾರವಿಡೀ ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಬರುತ್ತಿತ್ತು. ಅಂಕಲ್ ಸಿಗರೇಟು ಹಚ್ಚಿ ಕೇಳಿಸಿಕೊಂಡು ಕೂರುತ್ತಿದ್ದರು.

ಡಿಸೆಂಬರಿನಲ್ಲಿ ಸರ್ಕಾರದಿಂದ ಕಾಗದ ಬಂತು. ಯಾರೋ ದೂರಿದ್ದರು; ಸೋಮವಾರ ತಪಾಸಣೆಗೆ ಬರುತ್ತಾರೆ, ನಾಯಿ ಇದ್ದರೆ ಫ್ಲ್ಯಾಟಿಗೇ ಸಂಚಕಾರ. ನಾಯಿಯನ್ನು ಒಪ್ಪಿಸಿದರೆ ಏನಾಗುತ್ತದೆಂದು ಅಂಕಲ್‌ಗೆ ಗೊತ್ತಿತ್ತು. "ಓಲ್ಡ್ ಡಾಗ್, ಹೂ ವಾಂಟ್? ಒನ್ ಜ್ಯಾಬ್, ಫಿನಿಶ್," ಎಂದು ಬೆರಳಿನಿಂದ ತೋಳಿಗೆ ಚುಚ್ಚಿಕೊಂಡು ತೋರಿಸಿದರು.

ಉಪಾಯ ಹೇಳಿದವಳು ನಾನು. ನಮ್ಮೂರಿನಲ್ಲಿ ಬೇಡದ ನಾಯಿಯನ್ನು ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರುತ್ತಾರೆ. ಅದು ತಾನಾಗಿ ದಾರಿ ಹುಡುಕಿ ವಾಪಸ್ ಬಂದರೆ ಆಮೇಲೆ ಅದನ್ನು ಯಾರೂ ಅಟ್ಟುವಂತಿಲ್ಲ, ಮನೆಯದೇ ಆಯಿತು. ನಮ್ಮ ಹಟ್ಟಿಯ ಕೆಂದನಿಗೆ ಬರಲು ಮೂರು ದಿನ ಹಿಡಿದಿತ್ತು. ಆ ವೊಂಗ್‌ನನ್ನು ಭಾನುವಾರ ಬಿಟ್ಟರೆ ಸೋಮವಾರ ತಪಾಸಣೆ ಮುಗಿಯುತ್ತದೆ, ಮಂಗಳವಾರ ನಸುಕಿಗೆ ನಾನೇ ಹೋಗಿ ಕರೆತರುತ್ತೇನೆ ಎಂದೆ.

"ಯುವರ್ ವಿಲೇಜ್ ಗಾಟ್ ಗುಡ್ ಲಾ," ಎಂದರು ಅಂಕಲ್. "ಮೈ ವಿಲೇಜ್ ಗಾಟ್ ನೋ ವಿಲೇಜ್."

ಆ ಭಾನುವಾರ ಜಡಿಮಳೆ. ಚಳಿಗಾಲವೇ ಇಲ್ಲದ ಈ ದೇಶದಲ್ಲಿ ನನ್ನ ಹಲ್ಲು ಕಟಕಟ ಎಂದದ್ದು ಅಂದೊಂದೇ ದಿನ. ಹುಲ್ಲು ನೆಲಕ್ಕೆ ಮಲಗಿತ್ತು. ಕಾಡಿನೊಳಗೆ ಬೆಳಕೇ ಇರಲಿಲ್ಲ; ಹೊಂಡಗಳೆರಡೂ ಉಕ್ಕಿ ಒಂದಾಗಿದ್ದವು, ಕಂದು ನೀರಿನಲ್ಲಿ ಯಾರದೋ ಪ್ಲಾಸ್ಟಿಕ್ ಕುರ್ಚಿ ತೇಲುತ್ತಿತ್ತು. ಮಳೆಗೆ ನಾಯಿಯೂ ಬೊಗಳಲಿಲ್ಲ. ಕೊಟ್ಟಿಗೆ ಗೋಡೆಯ ಮರೆಗೆ ತಗಡು ಒರಗಿಸಿ, ಅನ್ನ, ಮೀನು ಇಟ್ಟೆವು. ಅಂಕಲ್ ನಾಯಿಯನ್ನು ಕಟ್ಟಲು ಜೇಬಿನಿಂದ ಹಗ್ಗ ತೆಗೆದರು.

"ಕಟ್ಟಬೇಡಿ," ಎಂದೆ. "ನೀರು ಏರುತ್ತಿದೆ, ಹಾವು ಬಂದರೂ ಓಡಲಾಗುವುದಿಲ್ಲ. ಇಷ್ಟು ದೂರದಿಂದ ಎರಡು ದಿನದಲ್ಲಿ ಬರಲ್ಲ, ಅಂಕಲ್. ನನಗೆ ನಾಯಿಗಳು ಗೊತ್ತು."

ಓದಿದವಳು ಹೇಳಿದ್ದಲ್ಲವೇ. ಅಂಕಲ್ ಹಗ್ಗ ಸುತ್ತಿ ಜೇಬಿಗೆ ಹಾಕಿಕೊಂಡರು.

ಸೋಮವಾರ ರಜೆ ಹಾಕಿದೆ. ಅಧಿಕಾರಿಯೊಡನೆ ಸರಿಯಾದ ಇಂಗ್ಲಿಷ್ ಮಾತಾಡಲು ಅಂಕಲ್‌ಗೆ ನಾನು ಬೇಕಿತ್ತು. ಬಂದ ಅಧಿಕಾರಿ ಸಭ್ಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟು ಬಂದ. ಮಂಚದ ಕೆಳಗೆ ನೋಡಿದ, ಏನೋ ಬರೆದುಕೊಂಡ, ಥ್ಯಾಂಕ್ಯೂ ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಗೆ ಬಂದವರನ್ನು ಬೀದಿಯವರೆಗೆ ಕಳಿಸಿಕೊಟ್ಟು ನನಗೆ ಅಭ್ಯಾಸ. ಅವನ ಜೊತೆ ಲಿಫ್ಟ್ ಹತ್ತಿದೆ, ನನ್ನ ಹಿಂದೆ ಅಂಕಲ್.

ಕೆಳಗೆ ಬಾಗಿಲು ತೆರೆಯಿತು. ಎದುರಿಗೇ ಕೂತಿತ್ತು ಆ ವೊಂಗ್. ಹೊಟ್ಟೆಯವರೆಗೆ ಕೆಸರು, ಹುಲ್ಲು ಕೊಯ್ದು ಮೂಗಿನ ಮೇಲೆ ರಕ್ತ. ನಮ್ಮನ್ನು ಕಂಡದ್ದೇ ಎದ್ದು ನಿಂತಿತು. ಬಾಲವಲ್ಲ, ಇಡೀ ಹಿಂಭಾಗವೇ ಅಲ್ಲಾಡುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.

"ಯುವರ್ಸ್, ಮ್ಯಾಡಮ್?"

ಆ ಇಂಗ್ಲಿಷನ್ನು ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ನಗುವವರ ಎದುರಿಗೇ ಗಟ್ಟಿಯಾಗಿ ಓದಿ ಕಲಿತಿದ್ದೆ. ಅದರಲ್ಲಿ ಒಂದೇ ಪದ ಹೇಳಿದೆ: "ನೋ."

"ಸೋ ಕ್ವಯಟ್," ಎಂದು ಅವನು ಬಗ್ಗಿ ಅದರ ಕಿವಿ ಸವರಿದ. "ಸಮ್‌ಬಡಿ ಟ್ರೈನ್ ವೆರಿ ವೆಲ್." ಆಮೇಲೆ ಫೋನ್ ಮಾಡಿದ. ವ್ಯಾನು ಬರುವವರೆಗೂ ಅಂಕಲ್ ನೋಟಿಸ್ ಬೋರ್ಡ್ ಓದುತ್ತ ನಿಂತಿದ್ದರು. ನಾಯಿ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತ್ತು. ಕಾಲು ಎಳೆದುಕೊಂಡವಳು ನಾನೇ.

ಲಿಫ್ಟಿನಲ್ಲಿ ಅಂಕಲ್, "ಯು ಸೇ ಕರೆಕ್ಟ್. ಸೇ ಯೆಸ್, ಹೌಸ್ ಆಲ್ಸೋ ಗಾನ್," ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಈಗಲೂ ಅದೇ ಮನೆಯಲ್ಲಿದ್ದೇನೆ. ಆ ನಾಯಿಯ ಸುದ್ದಿಯನ್ನು ಅವರು ಎತ್ತಿಲ್ಲ, ನಾನೂ ಎತ್ತಿಲ್ಲ.

ನಾಯಿಯನ್ನು ಕಾಡಿಗೆ ಬಿಟ್ಟದ್ದನ್ನು ಅವ್ವನಿಗೆ ಭಾನುವಾರವೇ ಹೇಳಿದ್ದೆ. ಆ ವಾರ ಮತ್ತೆ ಫೋನ್ ಮಾಡಿದಾಗ ಮೊದಲ ಪ್ರಶ್ನೆಯೇ ಅದು: "ಬಂತಾ ಮಗ?"

"ಬಂತು ಕಣವ್ವ. ಒಂದೇ ದಿನಕ್ಕೆ."

"ನೋಡ್ದಾ, ಋಣ ಐತೆ. ಇನ್ನ ಅದು ನಿಮ್ದೇ ಬುಡು. ಹೊಟ್ಟೆ ತುಂಬ ಇಕ್ಕು."

ಆಯ್ತು ಎಂದೆ. ಅಂದಿನಿಂದ ನಮ್ಮೂರ ಮನೆಯ ಮಾತಿನಲ್ಲಿ ಆ ನಾಯಿ ಬದುಕಿದೆ. ಅವ್ವ ಪ್ರತಿ ವಾರ ವಿಚಾರಿಸುತ್ತಾಳೆ, ಸೊರಗಿದೆಯಾ, ಉಂಡಿತಾ ಎಂದು. ಉಂಡಿತು ಎನ್ನುತ್ತೇನೆ. ಪಕ್ಕದಲ್ಲೇ ಲಿಮ್ ಅಂಕಲ್ ಟೀವಿ ನೋಡುತ್ತಿರುತ್ತಾರೆ. ಅವರಿಗೆ ಕನ್ನಡ ಬಾರದು, ನಾನು ಏನು ಹೇಳಿದರೂ ನಡೆಯುತ್ತದೆ. ನಾಯಿಯ ಹೆಸರೊಂದನ್ನು ಮಾತ್ರ ಹೇಳುವುದಿಲ್ಲ. ಅದು ಅವರಿಗೆ ಅರ್ಥವಾಗುತ್ತದೆ.