ರಟ್ಟಿನೊಳಗಿನ ಹಾಡು

ನಿಲಂಗಾದ ಬೈಂಡರ್ ಭೀಮಾಶಂಕರ ಸಾಸ್ತೂರಿನ ಸರುಬಾಯಿಗೆ ಇನ್ನೂ ಮೂವತ್ತೊಂದು ಹಾಳೆ ಕೊಡಬೇಕು. ರೊಕ್ಕವಲ್ಲ, ಹಾಳೆ. ರೊಕ್ಕವಾಗಿದ್ದರೆ ಹಮಾಲರ ಸಂಘದ ಗೆಳೆಯರ ಹತ್ತಿರ ಎತ್ತಿಯಾದರೂ ಎಂದೋ ಕೊಟ್ಟು ಕೈ ಜಾಡಿಸಿಕೊಳ್ಳುತ್ತಿದ್ದ.

ಮರಾಠಿ ಬೋರ್ಡುಗಳ ಪೇಟೆಯಲ್ಲಿ ಕೂತು ಕನ್ನಡ ಪುಸ್ತಕ ಕೂಡಿಸುವುದು ಹುಚ್ಚರ ಕೆಲಸ. ಆ ಹುಚ್ಚಿನಲ್ಲಿ ಅವನಿಗೆ ಸ್ವರ್ಗ ಸಿಗುತ್ತಿತ್ತು. ಉದಗೀರದ ರದ್ದಿ ಅಂಗಡಿಯಲ್ಲಿ ಮಂಡಿಯೂರಿ ಕೂತು ಗುಡ್ಡೆ ಕೆದರುತ್ತಿದ್ದ. ಬಸವಕಲ್ಯಾಣಕ್ಕೆ ಹೆಣ್ಣು ನೋಡಲು ಹೋದವ ಒಂದು ಚೀಲ ಪುಸ್ತಕ ಹೊತ್ತು ಬಂದಿದ್ದ. ತಂದದ್ದರ ಧೂಳು ಒರೆಸಿ, ಬಿಸಿಲಿಗೆ ಹರವಿ, ಹೊಲಿದು, ಹುಳ ಹಿಡಿಯದಂತೆ ಮೈದಾ ಅಂಟಿಗೆ ಮೈಲುತುತ್ತ ಕಲಸಿ ಹೊಸ ರಟ್ಟು ಕಟ್ಟುತ್ತಿದ್ದ. ಬೆನ್ನಿಗೆ ಕೆಂಪು ಖಾದಿ. ಕತೆ ಕವಿತೆಗಿಂತ ಅವುಗಳ ಮೇಲೆ ಪಂಡಿತರು ಬರೆದದ್ದೇ ಅವನಿಗೆ ಹೆಚ್ಚು ರುಚಿ. ಪೇಟೆ ಮುಚ್ಚುವ ಸೋಮವಾರ ಮಧ್ಯಾಹ್ನ ಅಂಗಡಿಯಲ್ಲಿ ಹತ್ತು ಜನ ಕೂಡುತ್ತಿದ್ದರು. ಅವನು ಮುನ್ನುಡಿಗಳನ್ನು ಓದಿ ಹೇಳುತ್ತಿದ್ದ, ಜನ ತಲೆದೂಗುತ್ತಿದ್ದರು.

ತೊಂಬತ್ತಮೂರರಲ್ಲಿ ಆ ಸೀಮೆಯ ಊರುಗಳನ್ನು ಕೆಡವಿದ ಭೂಕಂಪವಾದ ವಾರಕ್ಕೆ ಅವನು ಹಮಾಲರ ಸಂಘದ ಜೊತೆ ಸಾಸ್ತೂರಿಗೆ ಹೋಗಿದ್ದ. ಹೆಣ ಎತ್ತಿದ, ಕಲ್ಲು ಎತ್ತಿದ, ಅದರಲ್ಲಿ ಅವನ ಹೆಸರಿಗೆ ಕಪ್ಪು ಚುಕ್ಕೆಯಿಲ್ಲ. ಆದರೆ ಕುಸಿದ ಒಂದು ಗೋಡೆಯ ಕೆಳಗೆ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ನೆಂದ ಹನ್ನೊಂದು ಕನ್ನಡ ಪುಸ್ತಕ, ಕೈಬರಹದ ಒಂದು ವಹಿ. ಮನೆಯವರು ಸತ್ತಿರಬೇಕು ಎಂದುಕೊಂಡ. ಯಾರನ್ನೂ ಕೇಳದೆ ನಿಲಂಗಾಕ್ಕೆ ಹೊತ್ತು ತಂದ. ಕೇಳಿದ್ದರೆ, ಆ ಮನೆಯ ಸೊಸೆ ಕಾಲು ಮುರಿದ ಗಂಡನನ್ನು ಕರೆದುಕೊಂಡು ಸೋಲಾಪುರದ ಆಸ್ಪತ್ರೆಯಲ್ಲಿದ್ದಾಳೆಂದು ಯಾರಾದರೂ ಹೇಳುತ್ತಿದ್ದರು.

ಅಚ್ಚಾದ ಹನ್ನೊಂದನ್ನು ಮಗುವಿನಂತೆ ಒಣಗಿಸಿದ. ವಹಿಯ ಎರಡು ಪುಟ ಓದಿದ. ಬೀಸುವ ಕಲ್ಲಿನ ಪದಗಳು, ಬಾಲ್‌ಪೆನ್ನಿನ ಹೆಂಗಸಿನ ಅಕ್ಷರ. ಬರೆದವರ ಹೆಸರಿಲ್ಲ, ಪ್ರಕಾಶಕರಿಲ್ಲ, ಮುನ್ನುಡಿ ಇಲ್ಲ. ಕಾಗದ ಮಾತ್ರ ದಪ್ಪಗೆ ಚೆನ್ನಾಗಿತ್ತು. ಐವತ್ತು ಹಾಳೆಯನ್ನೂ ಬಿಡಿಸಿ, ಒಂದೊಂದಾಗಿ ತಾನು ಕಟ್ಟುವ ಪುಸ್ತಕಗಳ ರಟ್ಟುಗಳ ಒಳಗೆ ಅಸ್ತರಾಗಿ ಅಂಟಿಸಿಬಿಟ್ಟ. ಗೊತ್ತಿಲ್ಲದೆ ಮಾಡಿದ್ದಲ್ಲ. ಓದಿ, ಬೆಲೆಯಿಲ್ಲವೆಂದು ತೀರ್ಮಾನಿಸಿ ಮಾಡಿದ್ದು. ಸಂಘದ ಸಭೆಗಳಲ್ಲಿ ದುಡಿಯುವವರ ಹೆಸರಿನಲ್ಲಿ ಗಂಟಲು ಹರಿದುಕೊಂಡವ ದುಡಿಯುವ ಹೆಂಗಸಿನ ಹಾಡಿಗೆ ಅಂಟು ಬಳಿದ.

ಹನ್ನೊಂದು ವರ್ಷದ ಮೇಲೆ ಒಂದು ಸೋಮವಾರ ಜನಪದ ಸಾಹಿತ್ಯದ ಮೇಲಿನ ದಪ್ಪ ಪುಸ್ತಕವೊಂದನ್ನು ಎತ್ತಿ ಹಿಡಿದು ಮಾತಾಡುತ್ತಿದ್ದ. ಹಳ್ಳಿಯ ಹೆಣ್ಣುಮಕ್ಕಳ ಹಾಡೇ ನಮ್ಮ ಸಾಹಿತ್ಯದ ಬೇರು ಎಂದ. ಮಾತು ಮುಗಿದ ಮೇಲೆ ಹಿಂದೆ ಕೂತಿದ್ದ ಹೆಂಗಸೊಬ್ಬಳು ಮುಂದೆ ಬಂದಳು. ತಂಗಿಯ ಮನೆಗೆ ಬಂದಿದ್ದ ಸರುಬಾಯಿ.

"ಛಲೋ ಮಾತಾಡಿದ್ರಿ ಅಣ್ಣಾರ. ಸಾಸ್ತೂರಾಗ ನಮ್ಮತ್ತಿ ಭಾಗೀರಥಿಬಾಯಿ ಅಂತ ಇದ್ಲು. ಆಕಿ ಬೀಸಕೋತ ಹಾಡೋದು, ನಾ ಬರಕೊಳ್ಳೋದು. ಒಂದು ವಹಿ ತುಂಬಿತ್ತು ನೋಡ್ರಿ."

"ಎಲ್ಲದ ಈಗ?"

"ಗ್ವಾಡಿ ಬಿದ್ದು ಆಕಿನೂ ಹೋದ್ಲು, ವಹಿನೂ ಹೋತು. ನನಗ ನಾಕು ಪದ ಸುದಾ ನೆನಪಿಲ್ಲ. ಯಾವ ಓದು ಬರದ ಅಡಾಣಿ ಒಲಿಗಿ ಹಾಕ್ಯಾನೋ. ನಿಮ್ಮಂಥ ತಿಳದವರ ಕೈಗೆ ಸಿಕ್ಕಿದ್ರ ಉಳೀತಿತ್ತು."

ಭೀಮಾಶಂಕರ ಪುಸ್ತಕ ಕೆಳಗಿಟ್ಟ. "ಹೌದವ್ವಾ" ಎಂದ.

ಆಕೆ ಮೆಟ್ಟಿಲು ಇಳಿಯುತ್ತಲೇ ಒಳಗೆ ಅಂಟು ಕುದಿಸುತ್ತಿದ್ದ ಹೆಂಡತಿ ಅಂಜನಾಬಾಯಿ ಹೊರಬಂದಳು.

"ಅದೇ ವಹಿ ಹೌದಲ್ಲ?"

"ಹಳೀದ್ಯಾಕ ತೆಗೀತಿ."

"ತೆಗಿಯೋದು ನೀವು. ನಾ ಅಂಟು ಕುದಸಾಕಿ, ನೀವು ಅಂಟಿಸಿದವರು. ಅಲ್ರೀ, ಆಕಿ ತಿಳದವರು ಅಂದಾಗ ನಿಮ್ಮ ಮಾರಿ ನೋಡಬೇಕಿತ್ತು, ತಲಿಕೆಳಗ ಬೈಂಡ ಮಾಡಿದ ಪುಸ್ತಕದಂಗ ಆಗಿತ್ತು."

ಮೂರು ದಿನ ಅವನು ಕಪಾಟಿನ ಕಡೆ ಮುಖ ಹಾಕಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಬ್ಲೇಡು ಹಿಡಿದು ತನ್ನ ಪುಸ್ತಕಗಳ ರಟ್ಟುಗಳನ್ನೆಲ್ಲ ಸೀಳಿದ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೆನೆಸಿ ಹದಿನಾಲ್ಕು ಹಾಳೆ ಬಿಡಿಸಿದ. ಎರಡು ಹಾಳೆ ಸಿಕ್ಕಿದ್ದು, ಸೋಮವಾರ ಎತ್ತಿ ಹಿಡಿದಿದ್ದನಲ್ಲ, ಆ ದಪ್ಪ ಪುಸ್ತಕದ ರಟ್ಟಿನಲ್ಲಿ. ಒಂದರಲ್ಲಿ "ಮಾಕಣಿಯ ಹಾದ್ಯಾಗ ಮಳಿ ಬಂತ ನನ ತಾಯಿ" ಎಂಬುದಷ್ಟೇ ಉಳಿದಿತ್ತು, ಮುಂದಿನ ಸಾಲನ್ನು ಅಂಟು ತಿಂದಿತ್ತು.

ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಾಸ್ತೂರಿಗೆ ಹೋದ. ಸರಕಾರ ಕಟ್ಟಿಕೊಟ್ಟ ಮನೆಯ ಕಟ್ಟೆಯ ಮೇಲೆ ಸರುಬಾಯಿ ತೊಗರಿ ಹಸನು ಮಾಡುತ್ತಿದ್ದಳು. ನಿಂತೇ ಎಲ್ಲ ಹೇಳಿದ. ಪೆಟ್ಟಿಗೆ ಒಯ್ದದ್ದು, ಎರಡು ಪುಟ ಓದಿದ್ದು, ಓದಿಯೂ ಹರಿದದ್ದು. ಆಕೆ ಬೈಯಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ಹಾಳೆ ಎಣಿಸಿದಳು.

"ಉಳದವು?"

"ಬ್ಯಾರೇದವರ ಪುಸ್ತಕದಾಗ ಹೋಗ್ಯಾವ್ರಿ. ಮದವಿಗಿ, ಮುಂಜಿಗಿ ಉಡುಗೊರಿ ಅಂತ ಬೈಂಡ ಮಾಡಿ ಕೊಟ್ಟೀನಿ."

"ನಮ್ಮತ್ತಿ ಹಾಡು ಆಹೇರ ಮಾಡೀರಿ ಅನ್ರಿ. ತಗೊಂಡು ಬರ್ರಿ. ಪುಸ್ತಕ ಓದೋರು ನೀವು, ನಾ ಏನ್ ಹೇಳಲಿ."

ಉಮರ್ಗಾ, ಉದಗೀರ, ದೇವಣಿ ತಿರುಗಿದ. ಪ್ರತಿ ಮನೆಯ ಬಾಗಿಲಲ್ಲೂ ತಾನು ಮಾಡಿದ್ದನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಮೂರು ಮನೆಯವರು ರಟ್ಟು ಸೀಳಲು ಒಪ್ಪಿದರು, ಐದು ಹಾಳೆ ಸಿಕ್ಕವು. ಉದಗೀರದ ಬಟ್ಟೆ ವ್ಯಾಪಾರಿ ವಿಶ್ವನಾಥಪ್ಪ ಕಪಾಟಿನ ಕೀಲಿ ತೆಗೆಯಲೇ ಇಲ್ಲ.

"ನೀವಽ ಕಟ್ಟಿದ್ದು, ಎಷ್ಟು ಚಂದ ಕುಂತಾವ ನೋಡ್ರಿ. ಹಾಳ ಮಾಡಬ್ಯಾಡ್ರಿ."

"ಓದೀರೇನ್ರಿ ಅವನ್ನ?"

"ಓದಾಕ ಪುರಸತ್ತ ಎಲ್ಲದ? ಬಂದವರು ನೋಡಿ ಖುಷಿ ಪಡ್ತಾರ."

ತನ್ನ ಕಪಾಟಿನ ಮುಂದೆ ನಿಂತು ಎಷ್ಟು ಚಂದ ಕುಂತಾವ ನೋಡ್ರಿ ಎಂದು ಭೀಮಾಶಂಕರನೂ ಎಷ್ಟು ಜನಕ್ಕೆ ಹೇಳಿದ್ದ.

ಈಗಲೂ ತಿರುಗುತ್ತಾನೆ. ಸೋಮವಾರದ ಭಾಷಣ ನಿಂತಿದೆ. ನಿಮ್ಮ ಮನೆಯಲ್ಲಿ ಕೆಂಪು ಖಾದಿ ಬೆನ್ನಿನ, ನಿಲಂಗಾದಲ್ಲಿ ಕಟ್ಟಿದ ಪುಸ್ತಕವಿದ್ದರೆ, ಅವನು ಬಂದು ಬಾಗಿಲಲ್ಲಿ ತಲೆ ತಗ್ಗಿಸುವವರೆಗೆ ಕಾಯಬೇಡಿ. ಇವತ್ತೇ ಬ್ಲೇಡು ತಗೊಳ್ಳಿ, ರಟ್ಟು ಸೀಳಿ, ಬೆಚ್ಚನೆಯ ನೀರು ಹಾಕಿ ಹಾಳೆ ಬಿಡಿಸಿ, ಸಾಸ್ತೂರಿಗೆ ಹೋಗಿ ಸರುಬಾಯಿಯ ಕೈಯಲ್ಲಿ ಕೊಟ್ಟು ಬನ್ನಿ.